ಬೆರಳಿಗೆ ಅಂಟದ ಕಪ್ಪು

ಪಾತ್ರೆಯ ಮುಚ್ಚಳವನ್ನು ಯಾರೋ ಒಳಗಿನಿಂದ ನೂಕಿದ ಹಾಗೆ ಅದು ಒಂದು ಪಕ್ಕಕ್ಕೆ ವಾಲಿತ್ತು. ಅಂಚಿನಿಂದ ಇಳಿದ ಹಿಟ್ಟು ಅಡುಗೆಕಟ್ಟೆಯ ಮೇಲೆ ಪುಟ್ಟದೊಂದು ಬಿಳಿ ಕೆರೆ ಕಟ್ಟಿತ್ತು. ಸಾಹೇಬರು ಬಗ್ಗಿ ಮೂಸಿದರು. ಹುಳಿ ವಾಸನೆ ಇತ್ತು, ಗುಳ್ಳೆ ಇತ್ತು, ಉಕ್ಕು ಇತ್ತು. ಮೂವತ್ತೊಂದು ವರ್ಷ ಊರಿನ ಹೋಟೆಲುಗಳ ಶುಚಿತ್ವ ನೋಡುವ ಇನ್ಸ್‌ಪೆಕ್ಟರಾಗಿ ದುಡಿದು ನಿವೃತ್ತರಾದವರ ಕೈ ತಾನಾಗಿಯೇ ಜೇಬಿನ ಪೆನ್ನಿಗೆ ಹೋಯಿತು. ಇಂಥ ಪಾತ್ರೆಗಳನ್ನು ಅವರು ಎಷ್ಟು ಕಡೆ ಚರಂಡಿಗೆ ಸುರಿಸಿರಲಿಲ್ಲ! ಜೇಬಿನಲ್ಲಿ ಪೆನ್ನು ಇರಲಿಲ್ಲ. ನಿವೃತ್ತಿಯಾಗಿ ಏಳು ವರ್ಷವಾಗಿತ್ತು. ಹಜಾರದಿಂದ ಹೆಂಡತಿ, ಹಿಟ್ಟು ಉಕ್ಕಿದೆಯಾ ಎಂದು ಕೇಳಿದಳು. ಕೆಟ್ಟಿದೆ ಅಂದರು. "ಕೆಟ್ಟಿಲ್ಲ, ಹುದುಗಿದೆ. ಚೆಲ್ಲಿಗಿಲ್ಲಿ ಬಿಟ್ಟೀರಿ ಮತ್ತೆ," ಎಂದಳು ಆಕೆ. ಅವಳ ದನಿಯಲ್ಲಿ ನಗು ಇತ್ತೋ ಇಲ್ಲವೋ ಗೊತ್ತಾಗಲಿಲ್ಲ. ಮದುವೆಯಾದಾಗಿನಿಂದ ಸಾಹೇಬರಿಗೆ ಅದು ಗೊತ್ತಾದದ್ದೇ ಕಡಿಮೆ.

ಅವಳ ಬಲಗೈ ಮಣಿಕಟ್ಟಿನಿಂದ ಮೊಣಕೈವರೆಗೆ ಪ್ಲಾಸ್ಟರಿನಲ್ಲಿತ್ತು. ಮೂರು ವಾರದ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದಿದ್ದಳು. ಬಚ್ಚಲು ಜಾರುತ್ತಿತ್ತು ಎಂದು ಡಾಕ್ಟರ ಮುಂದೆ ಹೇಳಿದಳೇ ಹೊರತು, ಯಾಕೆ ಜಾರುತ್ತಿತ್ತು ಎಂದು ಹೇಳಲಿಲ್ಲ. ಡಾಕ್ಟರೂ ಕೇಳಲಿಲ್ಲ. ಅವಳು ಹೋಗುವ ಹತ್ತು ನಿಮಿಷ ಮುಂಚೆ ಅಲ್ಲಿಗೆ ಸೋಪಿನ ಪುಡಿ ಸುರಿದು ಉಜ್ಜಿ, ಸೋಪು ಇನ್ನಷ್ಟು ಹೊತ್ತು ನೆನೆಯಲಿ ಎಂದು ನೀರು ಹಾಕದೆ ಬಂದು ಪೇಪರು ಓದುತ್ತ ಕೂತವರು ಯಾರೆಂದು ಮನೆಯ ಗೋಡೆಗೂ ಗೊತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇಲ್ಲಿ ಯಾರೂ ಕಳ್ಳ ಅನ್ನದೆಯೇ ಸಾಹೇಬರು ದಿನಕ್ಕೆ ನಾಲ್ಕು ಸಲ ಹೆಗಲು ಮುಟ್ಟಿಕೊಳ್ಳುತ್ತಿದ್ದರು. ಅದಕ್ಕೇ ಅಡುಗೆಮನೆಯನ್ನು ತಾವೇ ವಹಿಸಿಕೊಂಡರು. ಅನ್ನ ಬಂತು, ಸಾರು ಬಂತು, ಪಲ್ಯ ಒಂದೊಂದು ದಿನ ಬಂತು. ಹೀಗೆ ಧೈರ್ಯ ಏರಿದ್ದ ಒಂದು ಗಳಿಗೆಯಲ್ಲಿ ಹೆಂಡತಿಯ ಅಕ್ಕ, ಮನೆಯಲ್ಲಿ ಎಲ್ಲರೂ ದೊಡ್ಡಕ್ಕ ಅನ್ನುವವರು, ಫೋನು ಮಾಡಿ, ತಂಗಿಯನ್ನು ನೋಡಲು ಬುಧವಾರ ನಾಲ್ಕು ಗಂಟೆಗೆ ಬರುತ್ತೇನೆ, ಆದರೆ ಪಾಪ ಈ ಸಲ ಪಡ್ಡು ಇಲ್ಲವಲ್ಲ ಅಂದರು. ಸಾಹೇಬರು ಫೋನು ಕಿತ್ತುಕೊಂಡು, "ಪಡ್ಡು ತಾನೇ? ಅದರಲ್ಲೇನಿದೆ ಮಹಾ? ನಾನೇ ಮಾಡ್ತೀನಿ, ಬನ್ನಿ," ಎಂದುಬಿಟ್ಟರು.

ನಿನ್ನೆ ಹೆಂಡತಿ ಹಜಾರದಲ್ಲಿ ಕೂತು ಹೇಳಿದಳು, ಇವರು ಮಾಡಿದರು. ಮೂರು ಲೋಟ ಅಕ್ಕಿ, ಒಂದು ಲೋಟ ಉದ್ದಿನ ಬೇಳೆ, ಚಿಟಿಕೆ ಮೆಂತ್ಯ ನೆನೆಸಿ ರುಬ್ಬಿದ್ದಾಯಿತು. ಉಪ್ಪು ಹಾಕಿ ಕೈಯಿಂದ ಕಲಸಿ ಅಂದಾಗ ಸಾಹೇಬರು ರಬ್ಬರಿನ ಕೈಗವಸು ಹುಡುಕಿದರು. ಕೈಯ ಬಿಸಿ ತಾಗಬೇಕು, ಇಲ್ಲದಿದ್ದರೆ ಹಿಟ್ಟು ಹುದುಗೋದಿಲ್ಲ ಎಂದಳು. ಕೈಯಲ್ಲಿ ಎಂತೆಂಥ ಕ್ರಿಮಿಗಳಿರುತ್ತವೆ ಗೊತ್ತಾ ಅಂದರು ಇವರು. "ಅವೇ ಹುದುಗಿಸೋದು," ಅಂದಳು ಅವಳು. ಮೂವತ್ತೊಂದು ವರ್ಷದ ಶತ್ರುಗಳನ್ನು ಮನೆಯ ಹಿಟ್ಟಿಗೆ ಆಹ್ವಾನಿಸಿ ಮುಚ್ಚಳ ಮುಚ್ಚಿದ ಸಾಹೇಬರಿಗೆ ರಾತ್ರಿ ಸರಿಯಾಗಿ ನಿದ್ದೆ ಬಂದಿರಲಿಲ್ಲ.

ಆದರೆ ಈಗ ತೊಂದರೆ ಹಿಟ್ಟಿನದಲ್ಲ, ಹಂಚಿನದು. ಅದನ್ನು ತೊಂದರೆ ಅಂತ ಅವರು ಬೆಳಿಗ್ಗೆ ಏಳು ಗಂಟೆಗೆ ಅಂದುಕೊಂಡಿರಲಿಲ್ಲ, ಅವಕಾಶ ಅಂದುಕೊಂಡಿದ್ದರು. ಏಳು ಗುಳಿಗಳ ಬೀಡುಕಬ್ಬಿಣದ ಹಂಚು, ಹೆಂಡತಿಯ ತಾಯಿಯದು. ತಾಯಿ ಅದನ್ನು ದೊಡ್ಡ ಮಗಳನ್ನು ಬಿಟ್ಟು ಚಿಕ್ಕವಳಿಗೆ ಕೊಟ್ಟಿದ್ದಳು. ಅಕ್ಕ ಆ ಮಾತನ್ನು ಬಾಯಿಬಿಟ್ಟು ಆಡಿದವರಲ್ಲ, ಆದರೆ ಬಂದಾಗಲೆಲ್ಲ ಪಡ್ಡು ತಿಂದಾದ ಮೇಲೆ ಅಡುಗೆಮನೆಗೆ ಹೋಗಿ ಹಂಚನ್ನು ಎತ್ತಿ, ತಿರುಗಿಸಿ, ಬೇರೆಯವರ ಮನೆಯಲ್ಲಿ ಬೆಳೆಯುತ್ತಿರುವ ಮಗುವನ್ನು ನೋಡುವ ಹಾಗೆ ನೋಡಿ ಇಟ್ಟು ಬರುತ್ತಿದ್ದರು. ಅಂಥ ಹಂಚನ್ನು ಸಾಹೇಬರು ಬೆಳಕಿನಲ್ಲಿ ಹಿಡಿದು ನೋಡಿದ್ದು ಇವತ್ತೇ ಮೊದಲು. ಗುಳಿಯ ಒಳಗೆಲ್ಲ ಕಪ್ಪು ಹೊಳೆಯುತ್ತಿತ್ತು. ಇಷ್ಟು ವರ್ಷದ ಜಿಡ್ಡು! ಊರಿಗೆಲ್ಲ ಶುಚಿತ್ವ ಕಲಿಸಿದವನ ಮನೆಯಲ್ಲಿ! ಪಾಪ, ಅವಳ ಕೈಯಲ್ಲಿ ಉಜ್ಜಲು ಆಗಿರಲಿಕ್ಕಿಲ್ಲ. ಪ್ಲಾಸ್ಟರು ಬಿಚ್ಚಿಸಿಕೊಂಡು ಅಡುಗೆಮನೆಗೆ ಬಂದ ದಿನ ಬೆಳ್ಳಿಯ ಹಾಗೆ ಹೊಳೆಯುವ ಹಂಚು ನೋಡಿ ಅವಳು ಬೆರಗಾಗಬೇಕು. ಬಚ್ಚಲಿನ ಸೋಪಿಗೂ ಇದಕ್ಕೂ ಅಲ್ಲಿಗಲ್ಲಿಗೆ ಆಗುತ್ತದೆ. ಸಾಹೇಬರು ಬಿಸಿನೀರು ಕಾಯಿಸಿದರು, ವಾಷಿಂಗ್ ಸೋಡಾ ಸುರಿದರು, ಸ್ಟೀಲ್ ನಾರು ಎರಡು ತೆಗೆದುಕೊಂಡರು, ಒಂದೊಂದೇ ಗುಳಿ ಹಿಡಿದು ಉಜ್ಜಿದರು. ಮೊದಲನೆಯ ಗುಳಿಯಲ್ಲಿ ಬೂದು ಬಣ್ಣದ ಕಬ್ಬಿಣ ಕಾಣಿಸಿಕೊಂಡಾಗ, ಯಾವುದೋ ಮರೆತ ಹಾಡಿನ ಅರ್ಧ ಸಾಲು ಗಂಟಲಲ್ಲಿ ತಾನೇ ಎದ್ದಿತು. ಏಳು ಗುಳಿ ಮುಗಿಯುವಾಗ ಒಂದೂವರೆ ಗಂಟೆಯಾಗಿತ್ತು, ಬೆರಳ ತುದಿ ಸುಲಿದಿತ್ತು, ಹಾಡಿನ ಇನ್ನರ್ಧ ಸಾಲೂ ನೆನಪಾಗಿತ್ತು.

ಹನ್ನೊಂದು ಗಂಟೆಗೆ ಪರೀಕ್ಷೆಗೆಂದು ಒಂದು ಸರದಿ ಹಾಕಿದರು. ಗುಳಿಗೆ ಎಣ್ಣೆ ಬಿಟ್ಟು, ಈರುಳ್ಳಿ, ಹಸಿಮೆಣಸಿನಕಾಯಿ ಕಲಸಿದ ಹಿಟ್ಟು ಹೊಯ್ದರೆ ಚುಂಯ್ ಎಂದು ಸರಿಯಾದ ಸದ್ದೇ ಬಂತು. ಎರಡು ನಿಮಿಷ ಬಿಟ್ಟು ಕಡ್ಡಿ ತೂರಿಸಿ ಮಗುಚಲು ನೋಡಿದರೆ ಪಡ್ಡು ಅಲುಗಾಡಲಿಲ್ಲ. ಚಮಚ ಹಾಕಿದರು, ಮೇಲಿನ ಟೋಪಿಯಷ್ಟೇ ಕಳಚಿ ಬಂತು. ಚಾಕು ಹಾಕಿದರು, ಪಡ್ಡು ಪುಡಿಯಾಯಿತೇ ಹೊರತು ತಳ ಬಿಡಲಿಲ್ಲ. ಎಣ್ಣೆ ಹೆಚ್ಚಿಸಿದರು, ಉರಿ ಇಳಿಸಿದರು, ಎರಡನೆಯ ಸರದಿಯೂ ಹಾಗೇ ಆಯಿತು. ಮೂರನೆಯದಕ್ಕೆ ಹಂಚಿನೊಡನೆ ಮಾತಾಡಲು ಶುರುಮಾಡಿದರು. ಕಿಟಕಿಯಲ್ಲಿ ಒಂದು ಕಾಗೆ ಬಂದು ಕೂತು ತಲೆ ಓರೆ ಮಾಡಿ ನೋಡುತ್ತಿತ್ತು. ಹಜಾರದಿಂದ ಹೆಂಡತಿ, ಹೇಗೆ ಬರ್ತಾ ಇದೆ ಎಂದು ಕೇಳಿದಳು. "ಬರ್ತಾ ಇದೆ," ಅಂದರು ಸಾಹೇಬರು. ಯಾವುದು ಬರುತ್ತಾ ಇದೆ ಎಂದು ಹೇಳಲಿಲ್ಲ. ಹಂಚಿನ ಬೂದು ಗುಳಿಗಳನ್ನು ನೋಡುತ್ತ ನಿಂತವರಿಗೆ ಆಗ ಹೊಳೆಯಿತು. ಆ ಕಪ್ಪು ಕೊಳೆಯಾಗಿರಲಿಲ್ಲ. ವರ್ಷಗಟ್ಟಲೆ ಎಣ್ಣೆಯೂ ಬೆಂಕಿಯೂ ಕೂಡಿ ಕಟ್ಟಿದ ಪದರ ಅದು. ಹಂಚು ಪಳಗುವುದು ಅಂದರೆ ಅದೇ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಹಾಗೆ. ಆದರೆ ಬುದ್ಧಿ ಈಗ ಬಂದದ್ದೇನಲ್ಲ, ಹದಿನೆಂಟು ವರ್ಷದ ಹಿಂದೆಯೇ ಒಮ್ಮೆ ಬಂದಿತ್ತು. ಇವರೇ ಒಳಗೆ ಬಿಟ್ಟುಕೊಂಡಿರಲಿಲ್ಲ.

ಬಸ್ ಸ್ಟ್ಯಾಂಡಿನ ಹಿಂದಿನ ಬೀದಿ, ಬೆಳಗಿನ ಒಂಬತ್ತು ಗಂಟೆ. ಗೋಡೆಗೆ ಒರಗಿಸಿದ ತಗಡಿನ ಮಾಡಿನ ಕೆಳಗೆ ಇದ್ದಲ ಒಲೆ, ಅದರ ಮೇಲೊಂದು ಹಂಚು, ಪಕ್ಕದಲ್ಲಿ ಆರಲು ಇಟ್ಟ ಇನ್ನೊಂದು. ಎಲ್ಲರೂ ಪಡ್ಡಮ್ಮ ಎಂದು ಕರೆಯುತ್ತಿದ್ದ ಹೆಂಗಸು ಒಂದು ಕಡ್ಡಿಯಿಂದ ಟಕ ಟಕ ಮಗುಚುತ್ತಿದ್ದಳು, ಸುತ್ತ ಹದಿನೈದು ಜನ ನಿಂತು ತಿನ್ನುತ್ತಿದ್ದರು. ಆಗ ಊರಿನ ಹೋಟೆಲಿನವರು ಇವರಿಗೆ ಬೆರಳು ಸಾಹೇಬ ಎಂದು ಹೆಸರಿಟ್ಟಿದ್ದರು. ಎಲ್ಲಿ ಹೋದರೂ ತೋರುಬೆರಳನ್ನು ಪಾತ್ರೆಯ ಒಳಗೆ ಆಡಿಸಿ, ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡುವುದು ಅವರ ಪದ್ಧತಿ. ಆರಿದ ಹಂಚಿನ ಗುಳಿಯಲ್ಲಿ ಬೆರಳು ಆಡಿಸಿದರು. ಬಿಸಿಲಿಗೆ ಹಿಡಿದರು. ಬೆರಳಿಗೆ ಏನೂ ಅಂಟಿರಲಿಲ್ಲ. ಎಣ್ಣೆಯ ಸಣ್ಣ ಹೊಳಪು ಬಿಟ್ಟರೆ ಕಪ್ಪಿನ ಒಂದು ಗೆರೆಯೂ ಇರಲಿಲ್ಲ. ಅದನ್ನು ಅವರು ಕಂಡರು. ಕಂಡು ಕೈ ಇಳಿಸುವ ಹೊತ್ತಿಗೆ ಆ ಹೆಂಗಸು, "ಯಾಕೆ ಸಾಹೇಬ್ರೆ, ಬೆರಳಿಗೆ ಹಸಿವಾಗಿತ್ತಾ?" ಅಂದಳು. ಹದಿನೈದೂ ಜನ ನಕ್ಕರು. ಒಬ್ಬನಂತೂ ಪಡ್ಡು ನೆತ್ತಿಗೆ ಹತ್ತಿ ಕೆಮ್ಮಿದ. ಸಾಹೇಬರ ಕಿವಿ ಬಿಸಿಯಾಯಿತು. ಇದು ಕೊಳೆ, ಈಗಲೇ ಸೋಡಾ ಹಾಕಿ ಉಜ್ಜು, ಎರಡನ್ನೂ ಉಜ್ಜು, ನನ್ನ ಕಣ್ಣ ಮುಂದೆ ಉಜ್ಜು ಎಂದರು. ಬೀದಿ ನಲ್ಲಿಯ ಕೆಳಗೆ ಅವಳು ಅರ್ಧ ಗಂಟೆ ಉಜ್ಜಿದಳು. ಜನ ಒಬ್ಬೊಬ್ಬರೇ ಕರಗಿದರು. ಉಜ್ಜಿ ಮುಗಿಸಿ, ಇರಿ ಸಾಹೇಬ್ರೆ, ಈಗ ಒಂದು ಸರದಿ ಹಾಕ್ತೀನಿ, ತಿಂದು ಹೋಗಿ ಎಂದು ಕರೆದಳು. ತಾನು ಹೊರಗೆ ತಿನ್ನುವವನಲ್ಲ ಎಂದು ಹೇಳಿ ಬೆನ್ನು ತಿರುಗಿಸಿ ನಡೆದರು. ಮರುದಿನದಿಂದ ಆ ಮಾಡಿನ ಕೆಳಗೆ ಒಲೆ ಹೊತ್ತಲಿಲ್ಲ. ಒಂದು ವಾರ ನೋಡಿದರು, ಎರಡು ವಾರ ನೋಡಿದರು, ಆಮೇಲೆ ಆ ಬೀದಿಯನ್ನೇ ಬಿಟ್ಟರು. ಹಾಲಿಗೆ ಹೋಗಲಿ, ತರಕಾರಿಗೆ ಹೋಗಲಿ, ಅಂಚೆ ಕಚೇರಿಯನ್ನು ಸುತ್ತಿ ಹೋಗುವುದು. ಕಾಲಿಗೆ ಒಳ್ಳೆಯದು ಎಂದು ಹೆಂಡತಿಗೆ ಹೇಳಿದ್ದರು.

ಹನ್ನೆರಡೂವರೆಗೆ ಸಾಹೇಬರು ತೊಳೆದು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹಂಚನ್ನು ಹಳೆ ಟವೆಲಿನಲ್ಲಿ ಸುತ್ತಿ ಗಟ್ಟಿ ಚೀಲಕ್ಕೆ ಹಾಕಿ, ಒಂದು ಖಾಲಿ ಡಬ್ಬಿಯನ್ನೂ ಸೇರಿಸಿ, ಕೊತ್ತಂಬರಿ ಸೊಪ್ಪು ತರುತ್ತೇನೆ ಎಂದು ಹೊರಟರು. ಫ್ರಿಜ್ಜಿನಲ್ಲಿ ಇದೆಯಲ್ಲ ಅಂದಳು ಹೆಂಡತಿ. ತಾಜಾ ತರುತ್ತೇನೆ ಅಂದರು. "ಕೊತ್ತಂಬರಿ ತರೋಕೆ ಅಷ್ಟು ಗಟ್ಟಿ ಚೀಲ ಯಾಕೆ?" ಎಂದು ಕೇಳಿ ಅವಳು ಪೇಪರಿನ ಹಾಳೆ ತಿರುವಿದಳು. ಉತ್ತರಕ್ಕೆ ಕಾಯಲಿಲ್ಲ.

ಎಲ್ಲಿಗೆ ಹೋಗಬೇಕೆಂದು ಯೋಚಿಸಿರಲಿಲ್ಲ. ಪಾತ್ರೆ ಅಂಗಡಿಯಲ್ಲಿ ಹೊಸ ಹಂಚು ಕೇಳಿದರು. ಹೊಸದೂ ಬೂದು ಬಣ್ಣವೇ, ಮೊದಲು ಪಳಗಿಸಬೇಕು ಸಾರ್ ಎಂದು ಅಂಗಡಿಯವನು ಪಾಠ ಹೇಳಲು ಬಂದ. ಕೆಳಮನೆಯ ಟೈಲರಮ್ಮನನ್ನು ಕೇಳಬಹುದಿತ್ತು, ಆದರೆ ಅವಳಿಗೆ ಹೇಳಿದ್ದು ಮೂರು ಗಂಟೆಯೊಳಗೆ ಹೆಂಡತಿಯ ಕಿವಿಗೆ ಬೀಳುತ್ತದೆ. ಎಲ್ಲಾದರೂ ಒಂದು ಡಬ್ಬಿ ಪಡ್ಡು ಕೊಂಡು, ತಾನೇ ಮಾಡಿದ್ದೆಂದು ಮೇಜಿನ ಮೇಲಿಟ್ಟರೆ ಹೇಗೆ? ಅಕ್ಕ ಹಂಚು ನೋಡಲು ಒಳಗೆ ಬಂದರೆ? ಕಾಲುಗಳು ಅಂಚೆ ಕಚೇರಿಯ ಕಡೆ ತಿರುಗಬೇಕಾಗಿದ್ದ ತಿರುವಿನಲ್ಲಿ ತಿರುಗಲಿಲ್ಲ. ಹದಿನೆಂಟು ವರ್ಷ ಸುತ್ತಿ ಸುತ್ತಿ ಅವಕ್ಕೂ ಸಾಕಾಗಿರಬೇಕು. ತಗಡಿನ ಮಾಡು ಅಲ್ಲೇ ಇತ್ತು. ಬಣ್ಣ ಬಳಿದಿದ್ದರು. ಒಲೆ ಉರಿಯುತ್ತಿತ್ತು. ಕೂದಲೆಲ್ಲ ಬೆಳ್ಳಗಾದ ಪಡ್ಡಮ್ಮ ಟಕ ಟಕ ಮಗುಚುತ್ತಿದ್ದಳು.

ಸಾಹೇಬರು ಮೂವರು ಗಿರಾಕಿಗಳ ಹಿಂದೆ ನಿಂತರು. ಅವರು ಹೋದರು. ಇನ್ನಿಬ್ಬರು ಬಂದರು, ಅವರಿಗೂ ದಾರಿ ಬಿಟ್ಟರು. ಕೊನೆಗೆ ಯಾರೂ ಇರಲಿಲ್ಲ. ಒಂದು ಡಬ್ಬಿ ತುಂಬ ಬೇಕಿತ್ತು ಎಂದರು, ಆದಷ್ಟು ದನಿ ಬದಲಿಸಿ. ಅವಳು ತಲೆ ಎತ್ತದೆ ಮೊದಲು ಡಬ್ಬಿಯನ್ನು, ಆಮೇಲೆ ಡಬ್ಬಿ ಹಿಡಿದ ಬೆರಳನ್ನು ನೋಡಿದಳು.

"ಅಂತೂ ಹಸಿವಾಯ್ತಾ ಅದಕ್ಕೆ?" ಅಂದಳು.

ಓಡಿಹೋಗಬೇಕು ಅನ್ನಿಸಿತು. ಅರವತ್ತೇಳರ ವಯಸ್ಸಿನಲ್ಲಿ, ಕೈಯಲ್ಲಿ ಮೂರು ಕಿಲೋ ಕಬ್ಬಿಣ ಹಿಡಿದು, ಎಲ್ಲಿಯವರೆಗೆ ಓಡಿಯಾರು? ಚೀಲದಿಂದ ಹಂಚು ತೆಗೆದು ಅವಳ ಮುಂದೆ ಇಟ್ಟು ಟವೆಲು ಬಿಚ್ಚಿದರು. ಅವಳು ಅದನ್ನು ನೋಡಿದಳು, ಇವರನ್ನು ನೋಡಿದಳು, ಮತ್ತೆ ಅದನ್ನು ನೋಡಿದಳು. ಆಮೇಲೆ ನಕ್ಕಳು. ಸೆರಗಿನಿಂದ ಕಣ್ಣೊರೆಸಿಕೊಂಡು, ಒಲೆಯ ಬಾಗಿಲು ಮುಚ್ಚಿ, ಸೊಂಟ ಹಿಡಿದುಕೊಂಡು ನಕ್ಕಳು. ಸಾಹೇಬರು ಇಂಗು ತಿಂದ ಮಂಗನ ಹಾಗೆ ನಿಂತಿದ್ದರು. ಯಾರ ಹಂಚು ಎಂದು ಕೇಳಿದಳು. ಹೆಂಡತಿಯದು, ಅವಳ ತಾಯಿಯದು ಎಂದರು. ಆಗ ಅವಳ ನಗು ನಿಂತಿತು. ಅಯ್ಯೋ ಪಾಪ ಅಂದಳು. ತನಗೆ ಹೇಳಿದ್ದಲ್ಲ, ಹೆಂಡತಿಗೆ ಹೇಳಿದ್ದು ಎಂದು ಸಾಹೇಬರಿಗೆ ತಿಳಿಯಿತು.

ಅವತ್ತು ಅವಳ ಹಂಚುಗಳೂ ಹೀಗೇ ಆಗಿದ್ದವಂತೆ. ಮತ್ತೆ ಪಳಗಿಸಲು ನಲವತ್ತು ದಿನ ಹಿಡಿಯಿತಂತೆ. ದಿನಾ ಎಣ್ಣೆ ಸವರಿ, ಈರುಳ್ಳಿ ಉಜ್ಜಿ, ಕಾಯಿಸಿ, ಹಿಟ್ಟು ಹೊಯ್ದು, ಕಿತ್ತು ಎಸೆದು. ನಲವತ್ತು ದಿನ ನಮ್ಮ ಬೀದಿ ಕಾಗೆಗಳು ಹಾರೋಕಾಗದಷ್ಟು ದಪ್ಪ ಆಗಿದ್ದವು ಎಂದಳು. ಮನೆಯವರು ಏನು ತಿಂದರು ಎಂದು ಅವಳು ಹೇಳಲಿಲ್ಲ. ಸಾಹೇಬರು ಕೇಳಬೇಕೆಂದು ಬಾಯಿ ತೆರೆದರು, ಬಂದದ್ದು ಬೇರೆ ಮಾತು.

"ಅವತ್ತು ನನ್ನ ಬೆರಳಿಗೆ ಏನೂ ಅಂಟಿರಲಿಲ್ಲ."

"ಗೊತ್ತು," ಅಂದಳು ಪಡ್ಡಮ್ಮ. "ನಾನೂ ಅದನ್ನೇ ನೋಡ್ತಾ ಇದ್ದೆ."

"ಜನ ನಕ್ಕುಬಿಟ್ಟರು. ಅದಕ್ಕೆ."

"ನಗಿಸಿದ್ದು ನಾನೇ ಅಲ್ವಾ? ಅದೂ ಗೊತ್ತು. ನಲವತ್ತು ದಿನ ನನ್ನ ಬಾಯಿಗೂ ಬೈಕೊಂಡಿದೀನಿ." ಇಷ್ಟು ಹೇಳಿ ಅವಳು ಒಲೆಯ ಪಕ್ಕದಲ್ಲಿದ್ದ ಮರದ ಸ್ಟೂಲನ್ನು ಕಾಲಿನಿಂದ ಮುಂದೆ ನೂಕಿದಳು. ತಾನು ಮಾರುವುದಿಲ್ಲ ಎಂದಳು. ಬೇಕಾದರೆ ಕೂತು ತಾವೇ ಹೊಯ್ಯಲಿ, ತಾವೇ ಮಗುಚಲಿ. ಆಗ, ತಾವೇ ಮಾಡಿದ್ದು ಅಂತ ಮನೆಯಲ್ಲಿ ಹೇಳಿದರೆ ಸುಳ್ಳಾಗುವುದಿಲ್ಲ. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಆದರೆ ಈ ಹಂಚು ಇಲ್ಲೇ ಇರಬೇಕು. ಸಾಹೇಬರೂ ದಿನಾ ಬೆಳಿಗ್ಗೆ ಆರು ಗಂಟೆಗೆ ಬಂದು ಕೂತು ಅದಕ್ಕೆ ಎಣ್ಣೆ ಕುಡಿಸಬೇಕು. ನಲವತ್ತು ದಿನ. ಒಂದು ದಿನ ತಪ್ಪಿದರೂ ತಾನು ಹೊಣೆಯಲ್ಲ.

ಹಾಗೆ, ಹೊರಗೆ ತಿನ್ನದ ಸಾಹೇಬರು ಬಸ್ ಸ್ಟ್ಯಾಂಡಿನ ಹಿಂದೆ, ನಡುಮಧ್ಯಾಹ್ನ, ಬಿಳಿ ಅಂಗಿಯ ತೋಳು ಮಡಿಸಿ ಒಲೆಯ ಮುಂದೆ ಕೂತರು. ಹೊಗೆ ನೇರ ಮೂಗಿಗೆ ಬಂತು. ಇದ್ದಲು ಊದಿದರು, ಕಣ್ಣು ತಿಕ್ಕಿದರು, ಕಿವಿ ತುರಿಸಿಕೊಂಡರು. ಇಬ್ಬರು ಗಿರಾಕಿಗಳು ಬಂದು, ಏನು ಪಡ್ಡಮ್ಮ, ಹೊಸ ಭಟ್ಟರನ್ನು ಇಟ್ಟುಕೊಂಡಿರಾ ಎಂದು ಕೇಳಿದರು. ಕೆಲಸ ಕಲಿಯೋಕೆ ಬಂದಿದ್ದಾರೆ, ಬುದ್ಧಿ ಸ್ವಲ್ಪ ನಿಧಾನ ಅಂದಳು. ಸಾಹೇಬರ ಕಿವಿ ಬಿಸಿಯಾಯಿತು, ಆದರೆ ಕಡ್ಡಿ ತಗುಲಿಸಿದಾಕ್ಷಣ ಪಡ್ಡು ಪಡ್ಡಮ್ಮನ ಹಂಚಿನ ಕಪ್ಪು ಗುಳಿಯೊಳಗೆ ತಾನೇ ಹೊರಳಿ ಹೊಂಬಣ್ಣದ ಬೆನ್ನು ತೋರಿಸಿತು. ಅದನ್ನು ನೋಡುತ್ತ ಗಿರಾಕಿಗಳ ಮೇಲೆ ಸಿಟ್ಟಾಗುವುದನ್ನು ಮರೆತರು. ಮೊದಲನೆಯದನ್ನು ಪಡ್ಡಮ್ಮ ಅವರಿಗೇ ತಿನ್ನಿಸಿದಳು. ಗರಿಗರಿಯಾಗಿತ್ತು, ಒಳಗೆ ಮೆತ್ತಗಿತ್ತು. ಸಾಹೇಬರು ಕೈ ತೊಳೆಯದೆ ತಿಂದರು.

ಮನೆಗೆ ಬಂದಾಗ ಮೂರೂವರೆ, ದೊಡ್ಡಕ್ಕ ಆಗಲೇ ಬಂದು ಸೋಫಾದಲ್ಲಿ ಕೂತಿದ್ದರು. ಸಾಹೇಬರು ಕೊತ್ತಂಬರಿ ಎನ್ನುತ್ತ, ಬರಿಗೈಯಲ್ಲಿ ಅಲ್ಲವಾದರೂ ಕೊತ್ತಂಬರಿ ಇಲ್ಲದೆ, ಚೀಲ ಸಮೇತ ಅಡುಗೆಮನೆಗೆ ನುಗ್ಗಿ ಬಾಗಿಲು ಹಾಕಿಕೊಂಡರು. ಖಾಲಿ ಬಾಣಲೆಗೆ ನೀರು ಚಿಮುಕಿಸಿ ನಾಲ್ಕು ಸಲ ಚುಂಯ್ ಎನ್ನಿಸಿದರು. ಒಂದು ಚಮಚ ಬೀಳಿಸಿದರು. ಹದಿನೈದು ನಿಮಿಷ ಹೀಗೆ ನಾಟಕವಾಡಿ ತಟ್ಟೆಗಳನ್ನು ಹೊರಗೆ ತಂದರು. ದೊಡ್ಡಕ್ಕ ಒಂದು ತಿಂದರು, ಎರಡು ತಿಂದರು, ತಂಗಿಯ ಮುಖ ನೋಡಿದರು. "ಪರವಾಗಿಲ್ಲ ಕಣೇ ನಿನ್ನ ಗಂಡ," ಎಂದರು. ಹೆಂಡತಿ ಎಡಗೈಯಲ್ಲಿ ಒಂದನ್ನು ಎತ್ತಿ, ಮುರಿದು, ಮೂಸಿ, ನಿಧಾನವಾಗಿ ಅಗಿದಳು. ತಾನು ಮೂವತ್ತು ವರ್ಷ ಹೀಗೆ ಅಗಿಯುತ್ತ ಅವಳನ್ನು ಎದುರಿಗೆ ನಿಲ್ಲಿಸಿಕೊಂಡಿದ್ದು ಸಾಹೇಬರಿಗೆ ನೆನಪಾಯಿತು. ನಿಲ್ಲುವುದು ಕಷ್ಟದ ಕೆಲಸ.

"ಎಲ್ಲಿ, ಅಮ್ಮನ ಹಂಚು ಒಂದ್ಸಲ ನೋಡಿ ಬರ್ತೀನಿ," ಎಂದು ದೊಡ್ಡಕ್ಕ ಏಳಲು ಹೊರಟರು.

ಬಿಸಿ ಇದೆ ಅಂದರು ಸಾಹೇಬರು. ದೂರದಿಂದ ನೋಡ್ತೀನಿ ಅಂದರು ದೊಡ್ಡಕ್ಕ. ನೀರಲ್ಲಿ ನೆನೆ ಹಾಕಿದೀನಿ ಅಂದರು ಸಾಹೇಬರು, ಮೊದಲ ಮಾತಿಗೂ ಎರಡನೆಯದಕ್ಕೂ ಹೊಂದುವುದಿಲ್ಲ ಎಂದು ಆಡಿದ ಮೇಲೆ ಗೊತ್ತಾಯಿತು. ಹೆಂಡತಿ ಇವರನ್ನು ಹತ್ತಿರ ಕರೆದಳು. ಬಗ್ಗಿ ಎಂದಳು. ಬಗ್ಗಿದರು. ಅವಳು ಎಡಗೈಯ ತೋರುಬೆರಳನ್ನು ಅವರ ಕಿವಿಯ ಹಿಂದೆ ಒಮ್ಮೆ ಆಡಿಸಿ, ಕಿಟಕಿಯ ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದಳು. ಬೆರಳ ತುದಿಯಲ್ಲಿ ದಪ್ಪನೆ ಮಸಿ ಇತ್ತು. ಮನೆಯಲ್ಲಿರುವುದು ಗ್ಯಾಸ್ ಒಲೆ.

ಇನ್ನೂ ಒಂದು ಸುಳ್ಳು ನಾಲಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಸಾಹೇಬರು ಆ ಬೆರಳನ್ನು ನೋಡಿದರು. ಅಂಟಿದ್ದು ಅಂಟಿತ್ತು.

"ಹಂಚು ಉಜ್ಜಿಬಿಟ್ಟೆ ಕಣೇ," ಎಂದರು. "ಸೋಡಾ ಹಾಕಿ. ಏಳು ಗುಳೀನೂ." ದೊಡ್ಡಕ್ಕ ಎದೆಯ ಮೇಲೆ ಕೈಯಿಟ್ಟುಕೊಂಡು ಮತ್ತೆ ಕೂತರು. ಸಾಹೇಬರು ನಿಲ್ಲಿಸಲಿಲ್ಲ. ಪಡ್ಡಮ್ಮನ ವಿಷಯ ಹೇಳಿದರು, ನಲವತ್ತು ದಿನದ ವಿಷಯ ಹೇಳಿದರು, ಅಂಚೆ ಕಚೇರಿ ಸುತ್ತಿ ಹೋಗುತ್ತಿದ್ದದ್ದು ಕಾಲಿಗೆ ಒಳ್ಳೆಯದೆಂದಲ್ಲ ಎಂದು ಹೇಳಿದರು. ಕೊನೆಗೆ, ಯಾರೂ ಕೇಳದೆ, ಬಚ್ಚಲಿನ ಸೋಪಿನ ಪುಡಿಯ ವಿಷಯವನ್ನೂ ಹೇಳಿಬಿಟ್ಟರು.

"ಗೊತ್ತು," ಅಂದಳು ಹೆಂಡತಿ. "ಬೆಳಿಗ್ಗೆ ಉಜ್ಜೋ ಸದ್ದೂ ಕೇಳಿಸ್ತು."

"ಕೇಳಿಸ್ತಾ? ಮತ್ತೆ ಕೂಗಿ ನಿಲ್ಲಿಸಬಾರದಿತ್ತಾ?"

"ಎದ್ದು ಬಾಗಿಲವರೆಗೆ ಬಂದೆ. ಅಷ್ಟರಲ್ಲಿ ಮೂರು ಗುಳಿ ಹೋಗಿತ್ತು." ಅವಳು ಮಸಿಯ ಬೆರಳನ್ನು ಇನ್ನೂ ಬೆಳಕಿಗೆ ಹಿಡಿದೇ ಇದ್ದಳು. "ನೀವು ಹಾಡ್ಕೊಂಡು ಉಜ್ತಾ ಇದ್ರಿ. ಈ ಮನೇಲಿ ನೀವು ಹಾಡಿದ್ದು ನಾನು ಕೇಳೇ ಇರಲಿಲ್ಲ. ಹೋದ್ರೆ ಹೋಗಲಿ ಹಂಚು ಅಂತ ವಾಪಸ್ ಬಂದು ಕೂತೆ."

ಸಾಹೇಬರು ಬಗ್ಗಿದಲ್ಲಿಂದಲೇ ಅವಳ ಪ್ಲಾಸ್ಟರಿನ ಕೈಯನ್ನು ಮೆಲ್ಲಗೆ ಮುಟ್ಟಿದರು.

ಹಂಚು ಈಗ ಎಲ್ಲಿದೆ, ಒಂದು ಸಲ ಕಣ್ಣಾರೆ ನೋಡಬೇಕು ಎಂದು ದೊಡ್ಡಕ್ಕ ಹಠ ಹಿಡಿದರು. ಕೆಲಸಕ್ಕೆ ಸೇರಿದೆ ಅಕ್ಕಾ, ನಾಳೆಯಿಂದ ಇವರೂ ಸೇರ್ತಾರೆ, ಬೆಳಿಗ್ಗೆ ಆರಕ್ಕೆ ಹೋಗಿ ಇಬ್ಬರನ್ನೂ ಒಟ್ಟಿಗೆ ನೋಡ್ಕೊಂಡು ಬರೋಣ ಎಂದಳು ಹೆಂಡತಿ. ಹೇಳುತ್ತಲೇ ಆ ಕಪ್ಪು ಬೆರಳನ್ನು ಸಾಹೇಬರ ಬಿಳಿ ಅಂಗಿಯ ಜೇಬಿನ ಮೇಲೆ, ಮೇಲಿನಿಂದ ಕೆಳಕ್ಕೆ, ನಿಧಾನವಾಗಿ ಒರೆಸಿದಳು. ಸಾಹೇಬರು ಬಗ್ಗಿದವರು ಬಗ್ಗಿಯೇ ಇದ್ದರು, ಒರೆಸಿ ಮುಗಿಸಲಿ ಎಂದು. ದೊಡ್ಡಕ್ಕ ತಟ್ಟೆ ಮುಂದೆ ಮಾಡಿ ಇನ್ನೆರಡು ಹಾಕಿಸಿಕೊಂಡರು.